ಬಳೆಗಾರನ ಮುಂದೆ ಕೂತ ಹುಡುಗಿ

ದೆವ್ವ ಕಂಡೆ, ಸತ್ತವರ ದನಿ ಕೇಳಿದೆ ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಂಥವರ ಬಾಯಿ ಮುಚ್ಚಿಸದೆ ನಾನು ಎದ್ದು ಹೋದದ್ದು ಕಡಿಮೆ. ಇಂದು ನಾನೇ ಅಂಥದೊಂದು ಸಂಗತಿ ಹೇಳಲು ಕೂತಿದ್ದೇನೆ. ನಗುವುದಿದ್ದರೆ ನಗಿರಿ, ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ. ಆದರೆ ಮುದುಕಿ ಕಟ್ಟಿ ಹೇಳುತ್ತಾಳೆ ಎಂದು ಮಾತ್ರ ಅನ್ನಬೇಡಿ. ಕತೆ ಕಟ್ಟುವಷ್ಟು ತಾಳ್ಮೆ ನನಗೆ ಎಂದೂ ಇರಲಿಲ್ಲ.

ಆಗ ನಾನು ಮೂಡಲಗಿಯ ಹೆಣ್ಣುಮಕ್ಕಳ ಸಾಲೆಯಲ್ಲಿ ಕಲಿಸುತ್ತಿದ್ದೆ. ಬ್ರಿಟಿಷರ ಆಳ್ವಿಕೆ ಇನ್ನೂ ಇತ್ತು, ನಮ್ಮ ಕಡೆಯೆಲ್ಲ ಮುಂಬಯಿ ಇಲಾಖೆಗೆ ಸೇರಿತ್ತು. ತವರು ಗೋಕಾಕ. ಟ್ರೇನಿಂಗ್ ಮುಗಿಸಿ ಬಂದ ಹೊಸತು, ಲೋಕವನ್ನೆಲ್ಲ ತಿದ್ದಿಬಿಡುತ್ತೇನೆ ಎಂಬ ಹುಮ್ಮಸ್ಸು. ಊರಿನಲ್ಲಿ ನನಗೆ ಸಿಟ್ಟಿನ ಅಕ್ಕೋರು ಎಂದೇ ಹೆಸರು ಬಿದ್ದಿತ್ತು. ನನಗೆ ಅದು ಬೈಗುಳ ಅನ್ನಿಸಿರಲಿಲ್ಲ, ಬಿರುದು ಅನ್ನಿಸಿತ್ತು.

ಎರಡನೆಯ ಇಯತ್ತೆಯಲ್ಲಿ ಗೌರಾ ಎಂಬ ಏಳು ವರ್ಷದ ಹುಡುಗಿ ಇದ್ದಳು. ಒಳ್ಳೆಯ ಅನುಕೂಲಸ್ಥ ಒಕ್ಕಲು ಮನೆತನ. ತಾಯಿ ಪಾರವ್ವ, ದನಿ ಎತ್ತಿ ಮಾತಾಡದ ಹೆಂಗಸು. ಮನೆಯ ಯಜಮಾನಿಕೆಯೆಲ್ಲ ಅಜ್ಜಿ ಬಾಳವ್ವನದು. ಆ ವರ್ಷ ಊರಿನಲ್ಲಿ ಜ್ವರ ಬಂತು. ಗೌರಾ, ಪಾರವ್ವ ಇಬ್ಬರೂ ಒಟ್ಟಿಗೇ ಮಲಗಿದರು. ಮೂರನೆಯ ದಿನ ನೋಡಲು ಹೋದೆ. ಕಿಟಕಿ ಬಾಗಿಲು ಹಾಕಿದ ಕೋಣೆಯಲ್ಲಿ ಹುಡುಗಿ ಒಣಗಿದ ತುಟಿ ಸವರಿಕೊಳ್ಳುತ್ತ ನೀರು, ನೀರು ಎನ್ನುತ್ತಿತ್ತು. ಬಾಳವ್ವ ಕೊಡಗೊಟ್ಟಿರಲಿಲ್ಲ. ಜ್ವರದಲ್ಲಿ ನೀರು ಕುಡಿಸಿದರೆ ಜ್ವರ ಒಳಗೇ ಕೂತುಬಿಡುತ್ತದೆ ಎಂಬ ನಂಬಿಕೆ. ನಾನು ಅಂಗಳದಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಕೂಗಾಡಿದೆ. ಕಾಸಿ ಆರಿಸಿದ ನೀರು ಕೊಡಿ, ಚಕ್ಕಡಿ ಹೂಡಿ ಗೋಕಾಕದ ಡಾಕ್ಟರರ ಹತ್ತಿರ ಒಯ್ಯಿರಿ ಎಂದೆ. ಬಾಳವ್ವ ಬಾಗಿಲಿಗೆ ಅಡ್ಡ ನಿಂತು ಒಂದೇ ಮಾತು ಹೇಳಿದಳು.

"ಸಾಲಿ ನಿಮ್ದು, ಮನಿ ನಮ್ದರಿ ಅಕ್ಕೋರ."

ಐದನೆಯ ದಿನ ಹುಡುಗಿ ತೀರಿಕೊಂಡಿತು. ಪಾರವ್ವನಿಗೆ ಆಗ ಮೈಮೇಲೆ ಎಚ್ಚರವೇ ಇರಲಿಲ್ಲ. ಅವಳು ಎದ್ದು ಕೂಡುವ ಹೊತ್ತಿಗೆ ಮಗಳನ್ನು ಹೊಲದಲ್ಲಿ ಮಣ್ಣು ಮಾಡಿ ಎಂಟು ದಿನವಾಗಿತ್ತು. ಅಂದಿನಿಂದ ನಾನು ಬಾಳವ್ವನನ್ನು ಮಾತಾಡಿಸಲಿಲ್ಲ. ಎದುರಿಗೆ ಬಂದರೆ ದಾರಿ ಬಿಡುತ್ತಿರಲಿಲ್ಲ. ಆ ಸಿಟ್ಟನ್ನು ದಿನಾ ಎಣ್ಣೆ ಹಾಕಿ ಉರಿಸಿದ್ದೇನೆ ಎಂದರೂ ತಪ್ಪಿಲ್ಲ.

ಎರಡು ವರ್ಷ ಕಳೆಯಿತು. ಸಂಕೇಶ್ವರದ ಕಡೆಯಿಂದ ಒಬ್ಬ ಫೋಟೋದವನು ಊರಿಗೆ ಬಂದ. ವಯಸ್ಸಾದವನು, ಎಲ್ಲರೂ ಕಾಕಾ ಎನ್ನುತ್ತಿದ್ದರು. ಮುಂಬಯಿಯಲ್ಲಿ ಎಲ್ಲೋ ನೋಡಿಕೊಂಡು ಬಂದು, ಬಡಿಗನ ಹತ್ತಿರ ಕೂತು ಮಾಡಿಸಿದ ದೊಡ್ಡದೊಂದು ದುಂಡನೆಯ ಪೆಟ್ಟಿಗೆ ಅವನದು. ಕಾಳು ತುಂಬುವ ಕಣಜದಷ್ಟಿತ್ತು. ಸುತ್ತಲೂ ಎಂಟು ಕಡೆ ಜೋಡಿ ಜೋಡಿ ಗಾಜಿನ ಕಿಂಡಿಗಳು, ಪ್ರತಿಯೊಂದರ ಮುಂದೆ ಒಂದು ಸ್ಟೂಲು. ಒಳಗೆ ಗ್ಯಾಸ್ ಬತ್ತಿ, ಅದರ ಸುತ್ತ ಗಾಜಿನ ಮೇಲೆ ಮೂಡಿಸಿದ ಎಂಟು ಚಿತ್ರಗಳು. ಒಂದೊಂದು ಚಿತ್ರವೂ ಜೋಡಿ, ಬಲಗಣ್ಣಿಗೊಂದು ಎಡಗಣ್ಣಿಗೊಂದು. ಕಿಂಡಿಗೆ ಎರಡೂ ಕಣ್ಣು ಹಚ್ಚಿದರೆ ಎರಡು ಕೂಡಿ ಒಂದಾಗಿ, ಗಿಡ ಗಿಡವಾಗಿ, ಮನುಷ್ಯ ಮನುಷ್ಯನಾಗಿ ಎದ್ದು ನಿಲ್ಲುತ್ತಿತ್ತು. ಹಿಂದಿನದು ಹಿಂದೆ, ಮುಂದಿನದು ಮುಂದೆ. ಕೈ ಚಾಚಿದರೆ ಸಿಕ್ಕೀತು ಅನ್ನಿಸುತ್ತಿತ್ತು. ಕಾಕಾ ಹಿಡಿಕೆ ತಿರುವಿದರೆ ಗಂಟೆ ಟಣ್ ಎನ್ನುವುದು, ನನ್ನ ಮುಂದಿನ ಚಿತ್ರ ಬಾಜೂದವಳ ಮುಂದೆ ಹೋಗುವುದು. ಎಂಟು ಜನವೂ ಅವೇ ಚಿತ್ರಗಳನ್ನು ನೋಡುತ್ತಿದ್ದರು, ಆದರೆ ಒಬ್ಬರು ನೋಡಿದ್ದನ್ನು ಇನ್ನೊಬ್ಬರು ನೋಡುವುದು ಗಂಟೆಯ ಒಂದು ಬಡಿತದ ಅಂತರದಲ್ಲಿ.

ಅರಳೆ ವ್ಯಾಪಾರಿಯೊಬ್ಬರ ಖಾಲಿ ವಖಾರಿಯಲ್ಲಿ ಪೆಟ್ಟಿಗೆ ಇಟ್ಟಿದ್ದ. ಮಧ್ಯಾಹ್ನ ಹೆಂಗಸರಿಗೆ, ಸಂಜೆ ಗಂಡಸರಿಗೆ. ಗೋಕಾಕದ ಜಲಪಾತ, ಮುಂಬಯಿಯ ಸಮುದ್ರ, ಇನ್ನೂ ಏನೇನೋ ಚಿತ್ರಗಳ ನಡುವೆ ಮೂಡಲಗಿಯ ಸಂತೆಯೂ ಇತ್ತು. ಎರಡು ವರ್ಷದ ಕೆಳಗೆ ಬಂದಾಗ ತೆಗೆದದ್ದಂತೆ. ಅದರಲ್ಲಿ ಒಬ್ಬ ಬಳೆಗಾರ, ಅವನ ಮುಂದೆ ಕೈ ಚಾಚಿ ಕೂತ ಹುಡುಗಿ. ನಾನು ಮೊದಲ ದಿನವೇ ಹೋಗಿ ನೋಡಿದೆ. ಗೌರಾ! ಆದರೆ ಅವಳು ಬಳೆಗಳತ್ತ ತಿರುಗಿ ಬಗ್ಗಿದ್ದಳು. ಕಾಣುತ್ತಿದ್ದದ್ದು ಒಂದು ಕಿವಿ, ಒಂದು ಕೆನ್ನೆ, ಬಿಗಿಯಾಗಿ ಹೆಣೆದ ಜಡೆ, ಅಷ್ಟೆ.

ಸುದ್ದಿ ಓಣಿಗೆಲ್ಲ ಹಬ್ಬಿತು. ಮರುದಿನ ಪಾರವ್ವ ಸಾಲೆಗೆ ಬಂದು ಬಾಗಿಲ ಹೊರಗೇ ನಿಂತಳು.

"ಅಕ್ಕೋರ, ಆಕಿ ಮಾರಿ ನನಗ ನೆನಪಾಗವಲ್ದು," ಎಂದಳು. "ಕಣ್ಣ ಮುಚ್ಚಿದ್ರ ಜಡಿ ಕಾಣತೈತಿ, ಉಟ್ಟ ಪರಕಾರ ಕಾಣತೈತಿ. ಮಾರಿ ಬರೂದಿಲ್ಲ. ಒಮ್ಮೆ ನೋಡ್ತೇನ್ರಿ. ನಮ್ಮತ್ತಿ ಬ್ಯಾಡಂತಾಳ."

ಹೆತ್ತ ತಾಯಿಗೆ ಮಗಳ ಮುಖ ಮರೆತಿದೆ, ಅದನ್ನು ನೋಡಲೂ ಅಪ್ಪಣೆ ಬೇಕು! ನನಗೆ ಸಿಟ್ಟು ನೆತ್ತಿಗೇರಿತು. ಸಾಲೆ ಬಿಟ್ಟದ್ದೇ ನೆಟ್ಟಗೆ ಬಾಳವ್ವನ ಮನೆಗೆ ಹೋದೆ. ಎರಡು ವರ್ಷದ ಮೇಲೆ ಮೊದಲ ಮಾತು ಅದು. ಸತ್ತವರ ಮುಖವನ್ನು ಹಾಗೆ ಎದ್ದು ನಿಂತಂತೆ ನೋಡಬಾರದು ಎಂದು ಮುದುಕಿ ಹಟ ಹಿಡಿದಳು.

"ಅದರಾಗಿಂದ ಎದ್ದ ಬಂದ್ರ ಯಾರ ಕಳಸವ್ರು?" ಎಂದಳು.

"ಬಂದ್ರ ನಾನ ಕೈ ಹಿಡದು ಸಾಲಿಗಿ ಕರಕೊಂಡ ಹೊಕ್ಕೇನಿ," ಎಂದೆ. "ಅಷ್ಟ ಅಂಜಿಕಿ ಇದ್ರ ನೀವೂ ಬಂದ ಕುಂದರ್ರಿ, ಕಾವಲ ಕಾಯ್ರಿ."

ಅಕ್ಕಪಕ್ಕದವರು ನೋಡುತ್ತಿದ್ದರು. ಅಂಜಿಕೆ ಎಂಬ ಮಾತು ಅವಳಿಗೆ ನಾಟಿತು, ಬರುತ್ತೇನೆ ಎಂದಳು. ಇಲ್ಲಿ ಒಂದು ನಿಜ ಹೇಳಬೇಕು. ಚಿತ್ರದಲ್ಲಿ ಮುಖ ಕಾಣುವುದಿಲ್ಲ ಎಂದು ನಾನು ಪಾರವ್ವನಿಗೆ ಹೇಳಲಿಲ್ಲ. ಕೆನ್ನೆಯಾದರೂ ಕಾಣಲಿ ಎಂದುಕೊಂಡೆ ಎಂದು ಆಗ ನನಗೆ ನಾನೇ ಹೇಳಿಕೊಂಡಿದ್ದೆ. ಖರೆ ಎಂದರೆ ನನಗೆ ಆ ಮುದುಕಿಯನ್ನು ಆ ಹುಡುಗಿಯ ಮುಂದೆ ಕೂರಿಸಬೇಕಾಗಿತ್ತು.

ಮರುದಿನ ಮಧ್ಯಾಹ್ನ ಅವರ ಮನೆತನದ ಹೆಂಗಸರೆಲ್ಲ ಬಂದರು. ಕೂಡುವಾಗಲೂ ಹಿರಿತನ. ಬಾಳವ್ವ ಮೊದಲನೆಯ ಸ್ಟೂಲಿನ ಮೇಲೆ, ಅವಳ ನಾದಿನಿ ಎರಡನೆಯದರ ಮೇಲೆ, ಹೀಗೆ ವಯಸ್ಸಿನ ಪ್ರಕಾರ. ಮಕ್ಕಳಿಲ್ಲದ ಸೊಸೆ ಎಂದು ಪಾರವ್ವನನ್ನು ಕೊನೆಗೆ, ಎಂಟನೆಯದಕ್ಕೆ ದಬ್ಬಿದರು. ನಾನು ಏಳನೆಯದರ ಮೇಲೆ ಕೂತೆ. ಪೆಟ್ಟಿಗೆ ದುಂಡಗಿದೆ, ಕೊನೆಯ ಸ್ಟೂಲು ಮೊದಲನೆಯದರ ಮಗ್ಗುಲಿಗೇ ಬರುತ್ತದೆ ಎಂದು ಯಾರಿಗೂ ಹೊಳೆಯಲಿಲ್ಲ. ಅತ್ತೆ ಸೊಸೆ ಮೊಣಕೈಗೆ ಮೊಣಕೈ ತಾಗಿಸಿ ಕೂತಾಗ ನನಗೆ ಒಳಗೊಳಗೇ ಖುಷಿಯಾಯಿತು.

ಸಂತೆಯ ಚಿತ್ರ ಎರಡನೆಯ ಸ್ಟೂಲಿನಿಂದ ಹೊರಟಿತು. ಅಂದರೆ ಏಳನೆಯವಳಾದ ನನ್ನನ್ನು, ಆಮೇಲೆ ಪಾರವ್ವನನ್ನು ದಾಟಿ, ಬಾಳವ್ವನಿಗೆ ಎಲ್ಲಕ್ಕಿಂತ ಕೊನೆಗೆ ಬರಬೇಕು. ನಾದಿನಿ ಲೊಚಗುಟ್ಟಿದಳು. ಮುಂದಿನವರೂ ಅಯ್ಯೋ ಕೂಸೇ, ಆಕೀನ ನೋಡು, ಜಡಿ ನೋಡು ಎಂದರು. ಗಂಟೆ ಬಡಿಯುತ್ತ ಬಡಿಯುತ್ತ ಚಿತ್ರ ನನ್ನ ಮುಂದೆ ಬಂತು. ಅದೇ ಕಿವಿ, ಅದೇ ಕೆನ್ನೆ. ಮತ್ತೆ ಗಂಟೆ. ಚಿತ್ರ ಪಾರವ್ವನ ಮುಂದೆ ಹೋಯಿತು.

ನಾನು ನನ್ನ ಕಿಂಡಿ ಬಿಟ್ಟು ಅವಳನ್ನೇ ನೋಡುತ್ತ ಕೂತೆ. ಮುಖ ಕಾಣದೆ ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ನಕ್ಕಳು. ಮಗುವಿನ ಆಟ ನೋಡಿ ನಗುವ ಹಾಗೆ, ಸಣ್ಣಗೆ.

"ಮುಂದಿನ ಎರಡೂ ಹಲ್ಲ ಬಿದ್ದಾವ ನೋಡ್ರಿ ಅಕ್ಕೋರ," ಎಂದಳು. "ನಾ ಮರತ ಬಿಟ್ಟಿದ್ನಿ. ಹೆಂಗ ನಗಾಕತ್ತಾಳ ನೋಡ್ರಿ."

ಗೌರಾಳಿಗೆ ಆಗ ಮುಂದಿನ ಎರಡು ಹಲ್ಲು ಬಿದ್ದಿದ್ದು ನಿಜ. ಆದರೆ ಕೆನ್ನೆ ಮಾತ್ರ ಕಾಣುವ ಚಿತ್ರದಲ್ಲಿ ಹಲ್ಲು ಎಲ್ಲಿಂದ ಬಂತು? ಪಾಪ, ಮನಸ್ಸಿನದೇ ಮುಖ ಹಚ್ಚಿಕೊಂಡು ನೋಡುತ್ತಿದ್ದಾಳೆ ಎಂದು ಸಮಾಧಾನ ಮಾಡಿಕೊಂಡೆ. ಅಷ್ಟರಲ್ಲಿ ಗಂಟೆ. ಚಿತ್ರ ಬಾಳವ್ವನಿಗೆ ಹೋಯಿತು.

ಕೊನೆಯ ಚಿತ್ರವಾದ್ದರಿಂದ ಕಾಕಾ ಹಿಡಿಕೆ ಬಿಟ್ಟು ಕೂತಿದ್ದ. ಬಾಳವ್ವ ಕಿರುಚಲಿಲ್ಲ, ಹಿಂದಕ್ಕೆ ಸರಿಯಲೂ ಇಲ್ಲ. ಎಷ್ಟೋ ಹೊತ್ತು ಕಣ್ಣು ಕೀಳಲಿಲ್ಲ. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು, ಯಾರಿಗೋ ವರದಿ ಒಪ್ಪಿಸುವವಳಂತೆ ಹೇಳಿದಳು.

"ನನ್ನ ಕಡೆ ತಿರಗ್ಯಾಳ. ನೀರ ಬೇಡಾಕತ್ತಾಳ."

ನಾನು ಎದ್ದವಳೇ ಕಾಕಾನ ಮೈಮೇಲೆ ಹೋದೆ. ಏನೋ ಮೋಸವಿದೆ, ಎರಡು ಮೂರು ಗಾಜು ಇಟ್ಟುಕೊಂಡು ಬದಲಿಸುತ್ತೀ ಎಂದು ಬಾಯಿಗೆ ಬಂದಂತೆ ಬೈದೆ. ಪಾಪದ ಮನುಷ್ಯ ಪೆಟ್ಟಿಗೆಯ ಮುಚ್ಚಳ ತೆಗೆದು ಆ ಗಾಜನ್ನು ನನ್ನ ಕೈಗೇ ಕೊಟ್ಟ. ಬಾಗಿಲಿಗೆ ಒಯ್ದು ಬಿಸಿಲಿಗೆ ಹಿಡಿದೆ. ಜೋಡಿ ಚಿತ್ರ, ಎರಡರಲ್ಲೂ ಹುಡುಗಿ ಬಳೆಗಳತ್ತ ಬಗ್ಗಿದ್ದಾಳೆ. ಒಂದು ಕಿವಿ, ಒಂದು ಕೆನ್ನೆ. ಒಳಗೆ ಬೇರೆ ಏಳು ಗಾಜುಗಳಿದ್ದವು, ಎಲ್ಲವನ್ನೂ ತೆಗೆಸಿ ನೋಡಿದೆ. ಒಂಬತ್ತನೆಯದು ಇರಲಿಲ್ಲ. ಮತ್ತೆ ಒಳಗಿಡಿಸಿ ಎಂಟೂ ಸ್ಟೂಲುಗಳ ಮೇಲೆ ಕೂತು ನೋಡಿದೆ. ಎಂಟೂ ಕಡೆ ನನಗೆ ಕಂಡದ್ದು ಅದೇ.

ಪಾರವ್ವ ಅಂದಿನಿಂದ ಹಗುರಾದಳು. ಮಗಳ ಮಾತು ಬಂದರೆ ಹಲ್ಲಿನ ಸುದ್ದಿ ಹೇಳಿ ನಗುತ್ತಿದ್ದಳು. ಬಾಳವ್ವ ಮನೆಯ ಮುಂದೆ ಒಂದು ಹರವಿ ನೀರು ಇಡಿಸಿದಳು. ಹೋಗಿ ಬರುವವರು ಯಾರು ಏನೆಂದು ಕೇಳದೆ ಎಲ್ಲರಿಗೂ ತಾನೇ ಎದ್ದು ನೀರು ಕೊಡುತ್ತಿದ್ದಳು. ಸಾಯುವ ತನಕ ಕೊಟ್ಟಳು. ನಾನು ಆ ಕಡೆ ಹೋದಾಗ ನನಗೂ ತಂಬಿಗೆ ಚಾಚಿದಳು. ನಾನು ಮುಖ ತಿರುಗಿಸಿಕೊಂಡು ಹೋದೆ. ಈಗ ಬಂತೇ ಬುದ್ಧಿ ಎಂದು ಹಲ್ಲು ಕಡಿದೆ.

ಇದಿಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಇಷ್ಟು ವರ್ಷ ಯಾರಿಗೂ ಹೇಳದ್ದು ಇನ್ನೊಂದಿದೆ. ಗೌರಾ ಜ್ವರ ಬಂದು ಮಲಗಿದ ದಿನ ಬೆಳಗ್ಗೆ ಸಾಲೆಗೆ ಬಂದಿದ್ದಳು. ಲೆಕ್ಕ ಹಾಕಿಸುತ್ತಿದ್ದೆ. ಎದ್ದು ನಿಂತು, ನೀರು ಕುಡಿದು ಬರಲೇ ಎಂದು ಕೇಳಿದಳು. ಕೂಡು ಎಂದೆ. ಮತ್ತೆ ಕೇಳಿದಳು. ಲೆಕ್ಕ ತಪ್ಪಿಸಿಕೊಳ್ಳುವ ನೆವ ಎಂದು ಗದರಿದೆ. ಮೂರನೆಯ ಸಲ ಕೇಳಿದಾಗ ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿದೆ. ಸಾಲೆ ಬಿಡುವ ತನಕ ಹಾಗೇ ನಿಂತಿದ್ದಳು. ನನಗೆ ಕಾಣುತ್ತಿದ್ದದ್ದು ಒಂದು ಕಿವಿ, ಒಂದು ಕೆನ್ನೆ. ಆ ಕೆನ್ನೆ ಕೆಂಪಗಿದ್ದದ್ದನ್ನೂ ನೋಡಿದ್ದೆ.

ಆಮೇಲೆ ಕೆಲವು ವರ್ಷಕ್ಕೆ ಹುಕ್ಕೇರಿಗೆ ವರ್ಗವಾಯಿತು. ಕಾಕಾ ಅಲ್ಲಿಗೂ ಪೆಟ್ಟಿಗೆ ತಂದ. ಪೂರಾ ಮುದುಕನಾಗಿದ್ದ, ನನ್ನ ಗುರುತು ಹಿಡಿಯಲಿಲ್ಲ. ಗಾಜು ಸವೆದು ಚಿತ್ರ ಮಾಸಿತ್ತು. ಅಪರಿಚಿತ ಹೆಂಗಸರ ನಡುವೆ ಕೂತು ಕಿಂಡಿಗೆ ಕಣ್ಣು ಹಚ್ಚಿದೆ. ಸಂತೆ ಬಂತು. ತಾಯಿಯ ಕಡೆ ತಿರುಗಿದವಳು, ಅಜ್ಜಿಯ ಕಡೆಗೂ ತಿರುಗಿದವಳು, ನನ್ನ ಮುಂದೆ ಬಳೆಯನ್ನೇ ನೋಡುತ್ತ ಕೂತಿದ್ದಳು. ಅದು ಏನು, ಹೇಗೆ, ನನಗೆ ಇಂದಿಗೂ ತಿಳಿದಿಲ್ಲ. ಮಗ್ಗುಲಲ್ಲಿ ಕೂತವರು ಏನೆಂದುಕೊಂಡರೋ, ನಾನು ಗಾಜಿಗೆ ಬಾಯಿ ಹತ್ತಿರ ಒಯ್ದೆ.

"ಹೋಗವಾ ಗೌರಾ, ನೀರ ಕುಡದ ಬಾ," ಎಂದೆ.

ಗಂಟೆ ಟಣ್ ಎಂದಿತು. ಚಿತ್ರ ಬಾಜೂದವಳ ಮುಂದೆ ಹೋಯಿತು.