ಕೊಟ್ರೇಶಿ, ನಮ್ಮ ಮನಿ ನಾಯಿಗೆ ಶಿಸ್ತು ಕಲಿಸಾಕ ಬಂದಾವ

ತುಂಗಭದ್ರಾದ ಈ ದಂಡಿಗೆ ನನ್ನ ಮಾತು ಮೀರಿದ ನಾಯಿ ಒಂದೂ ಹುಟ್ಟಿಲ್ಲ.
ಚಿರತಿನೂ ನನ್ನ ನೋಡಿ ಬಾಲ ಮಡಚ್ಯಾವು.
ಅಂಥಾ ನನಗ ಇವತ್ತು ಮುಂಜಾನಿ ಒಂದು ಫೋನ್ ಬಂತು…

ಸುಳ್ಳಿರಬೇಕು ಅಂತ ಎರಡು ಸಲ ಕೇಳಿದೆ.
"ಮಾವ ಹ್ವಾದ್ರಿ" ಅಂದ, ಕೊಟ್ಟೂರಿಂದ ಕೊಟ್ರೇಶಿ ಅಳಿಯ.
"ಎಲ್ಲಿಗೆ?" ಅಂದೆ ನಾನು…

ಕೊಟ್ರೇಶಿ ನನ್ನ ದೋಸ್ತ. ಮನಿ ಮನಿಗೆ ಹೋಗಿ ನಾಯಿಗೆ ಟ್ರೇನಿಂಗ್ ಕೊಡ್ತಿದ್ದ.
ಈ ವಾಟ್ಸಾಪ್ ಗ್ರೂಪಿನ ಹುಡುಗ್ರಿಗೆ ಗೊತ್ತಿಲ್ಲ… ಎಸ್‌ಟಿಡಿ ಬೂತ್ ಮುಂದ ಪಾಳಿ ಹಚ್ಚತಿದ್ದ ಕಾಲ ಅದು.

ಹಗರಿಬೊಮ್ಮನಹಳ್ಳಿ ನಮ್ಮ ಮನ್ಯಾಗ, ದಾವಣಗೆರಿಯಿಂದ ತಂದ ಅಲ್ಸೇಷಿಯನ್ ಇತ್ತು. ತರುವಾಗನ ಅದರ ಹೆಸರು ರಾಜಾ.
ಹಾಲಿನಾಕಿ ಸೀರಿ ಹರೀತು.
ಪೋಸ್ಟ್‌ಮ್ಯಾನ್ ಕಾಗದ ಓಣಿ ತುದೀಗೆ ಇಟ್ಟು ಓಡಾಕ ಹತ್ತಿದ.
ಎದುರು ಮನಿ ಗುರುಬಸಪ್ಪ ಬಂದು, "ಎಂಟು ದಿನ ನೋಡ್ತೀವಿ. ಸುಧಾರಿಸಲಿಲ್ಲ ಅಂದ್ರ ನಾಯಿ ಓಣ್ಯಾಗ ಇರಂಗಿಲ್ಲ" ಅಂದ್ರು.
ನನ್ನ ಹೆಂಡ್ತಿ ನಿಂತಲ್ಲೇ, "ಅದು ಹೋದ್ರ ನಾನೂ ತವರಿಗೆ, ತೆಲಿಗಿ ಬಸ್ ಹತ್ತೀನಿ" ಅಂದ್ಲು.

ಅದಕ್ಕ ಕೊಟ್ರೇಶಿನ್ನ ಕರಿಸಿದೆ.
ಬಂದ. ಎರಡು ದಿನ ಕಟ್ಟಿ ಮ್ಯಾಲೆ ಕುಂತ… ಚಾ ಕುಡದ… ನಾಯಿ ಮುಟ್ಟಲಿಲ್ಲ!
"ಏನಲೇ, ಟ್ರೇನಿಂಗ್ ನಾಯಿಗೋ ಕಟ್ಟಿಗೋ?"
"ನಾಯಿ ಚೊಲೊ ಐತಿ. ನಿಮ್ಮನ್ನ ನೋಡಾಕ ಹತ್ತೀನಿ, ಸುಮ್ಕಿರು."

ಮೂರನೇ ದಿನ ನನ್ನ ಹೆಂಡ್ತಿಗೆ ಅಂದ, "ಅಕ್ಕಾ, ನಾಯಿನ್ನ ಹೆಸರು ಹಿಡದು ಕರೀರಿ ನೋಡೂಣು."
ಅಕಿ ಸೆರಗು ಬಾಯಿಗೆ ಒತ್ತಿಕೊಂಡು ನನ್ನ ಕಡಿ ನೋಡಿದ್ಲು.
ನನ್ನ ಹೆಸರು ರಾಜಪ್ಪ… ನಮ್ಮಲ್ಲಿ ಹೆಂಗಸ್ರು ಗಂಡನ ಹೆಸರು ಬಾಯಾಗ ತರಂಗಿಲ್ಲ. ಅರ್ಧ ಹೆಸರೂ ಇಲ್ಲ!
ಎರಡು ವರ್ಷ ಅಕಿ ಆ ನಾಯಿಗೆ, ನನಗ ಅಂದಂಗನ, "ಬರ್ರಿ ಇಲ್ಲಿ" ಅಂತಿದ್ಲು.
ಕರದ್ರ ಇಬ್ಬರೂ ಹೋಗಿ ನಿಲ್ತಿದ್ವಿ.

ಕೊಟ್ರೇಶಿ ನಕ್ಕು ನಕ್ಕು ಕಣ್ಣಾಗ ನೀರು ತಂದ.
"ಲೇ, ನಾಯಿಗೆ ತನ್ನ ಹೆಸರ ಗೊತ್ತಿಲ್ಲ. ಬೈಯೋದು ಯಾರಿಗೆ ಅಂತ ಅದಕ್ಕ ಹೆಂಗ ತಿಳೀಬೇಕು? ಇವತ್ತಿಂದ ಇದು ಮೋತಿ. ಅಕ್ಕ ಒಬ್ಬಾಕಿನ ಕರೀಬೇಕು, ಅಕ್ಕ ಒಬ್ಬಾಕಿನ ರೊಟ್ಟಿ ಹಾಕಬೇಕು. ನೀ ಬಾಯಿ ಮುಚ್ಚು."

ಏಳನೇ ದಿನಕ್ಕ "ಮೋತಿ, ಕುಂದ್ರು" ಅಂದ್ರ ಕುಂದ್ರತಿತ್ತು. ಹಾಲಿನಾಕಿ ಮುಂದ ಹಾದು ಹೋದ್ರೂ ಎದ್ದೇಳಲಿಲ್ಲ…

ಲೇ ಕೊಟ್ರೇಶಿ… ಈಗ ನಿನಗ ಹೇಳ್ತೀನಿ ಕೇಳು.
ಎಂಟನೇ ದಿನ ನೀ ಹೇಳಿದ್ದು ಒಂದ ಮಾತು. "ಗುರುಬಸಪ್ಪ ಬಂದಾಗ ನೀ ಒಳಗಿರು."
ನಾ ಇದ್ದೆನಾ?
ಓಣಿ ಮಂದಿಯೆಲ್ಲಾ ಕೂಡಿದ್ರು… ಯಜಮಾನ ಯಾರಂತ ತೋರಿಸಬೇಕಲ್ಲ!
ಮೀಸಿ ತಿರುವಿ, ಬಾಗಿಲಾಗ ನಿಂತು "ರಾಜಾ! ಕಮಾನ್!" ಅಂದೆ.
ಅದು ಒಮ್ಮೆ ನನ್ನ ನೋಡಿತು, ಒಮ್ಮೆ ಅಕಿನ್ನ ನೋಡಿತು… ಹಾರಿ ಗುರುಬಸಪ್ಪನ ಧೋತ್ರ ಹಿಡೀತು.

ಸಂಜಿಗೆ ಮೋತಿ ಬಾಗಳಿ ಕಡಿ ಯಾರದೋ ತ್ವಾಟಕ್ಕ ಹೋತು.
ನನ್ನ ಹೆಂಡ್ತಿ ತೆಲಿಗಿಗೆ ಹೋದ್ಲು. ಕರಕೊಂಡು ಬರಾಕ ನಾಕು ಸಲ ಹೋಗಬೇಕಾತು.

ಮರುದಿನ ಚಾದ ಅಂಗಡ್ಯಾಗ ಕುಂತು ನಾ ಏನಂದೆ?
"ಕೊಟ್ರೇಶಿ ಐದು ಸಾವಿರ ತಿಂದ, ನಾಯಿ ಕೆಡಿಸಿ ಹೋದ" ಅಂದೆ.
ಆಮ್ಯಾಲೆ ನಮ್ಮೂರಾಗ ಯಾರೂ ನಿನ್ನ ಮನಿಗೆ ಕರೀಲಿಲ್ಲ.
ನೀನರೆ ಬಂದು ಬೈಬಾರ್ದಾ? ಕೊರಳಪಟ್ಟಿ ಹಿಡೀಬಾರ್ದಾ?
ಬಸ್ ಸ್ಟ್ಯಾಂಡಿನಾಗ ಸಿಕ್ಕಾಗೊಮ್ಮೆ "ಅಕ್ಕ ಆರಾಮಾ?" ಅಂತಿದ್ದಿ. ಅಷ್ಟ!
ಇಂಥಾ ಮನಷ್ಯಾನ ಕೂಡ ಜಗಳಾನರೆ ಹೆಂಗ ಮಾಡಬೇಕೋ ಮಾರಾಯಾ…
ಈಗ ನೋಡಿದ್ರ, ಹೇಳದ ಕೇಳದ ಹೋಗೀದಿ.

ಗೆಳೆಯರ, ಕೊಟ್ರೇಶಿ ಮಣ್ಣಿಗೆ ಕೊಟ್ಟೂರಿಗೆ ಹೊಂಟೀನಿ.
ಅಂಗಿ ತಂದು ಕೊಡತಾ ಹೆಂಡ್ತಿ ಅಂದ್ಲು, "ಇವತ್ತರೆ ಖರೇ ಹೇಳ್ರಿ. ಗ್ರೂಪಿನಾಗ ಅವರ ಮನಿ ಮಂದಿನೂ ಓದ್ತಾರ."

ಐದು ಸಾವಿರ ಅಲ್ರಿ.
ದಿನಕ್ಕ ಮೂವತ್ತರಂಗ ಏಳು ದಿನ. ಎಂಟನೇ ದಿನದ್ದು ಕೊಡಾಕ ಹೋದ್ರ ತಗೊಳ್ಳಲಿಲ್ಲ.
ನಾಯಿ ಕೆಡಿಸಿದಾವ ನಾನು. ನಾ ಕಳಕೊಂಡ ರೊಕ್ಕ ಇನ್ನೂರಾ ಹತ್ತು ರೂಪಾಯಿ.

ನಿನ್ನ ಜೀವ ಎಲ್ಲೇ ಇರ್ಲಿ, ತಣ್ಣಗ ಇರ್ಲಿ ಕೊಟ್ರೇಶಿ…