ಬೀಗ ಬಿದ್ದ ಉತ್ತರ

ಬೀದಿಯವರಿಗೆ ಅವನು ಟಿವಿ ರಿಪೇರಿಯವನು. ಫೋರಂನಲ್ಲಿ ಮಾತ್ರ ಅವನ ಹೆಸರು ಸುತ್ತಿಗೆ. ಆ ಹೆಸರನ್ನು ಇಟ್ಟುಕೊಂಡವನೂ ಅವನೇ, ಅದಕ್ಕೆ ತಕ್ಕಂತೆ ನಡೆದುಕೊಂಡವನೂ ಅವನೇ.

ಫೋರಂ ಎಂದರೆ ಏನೆಂದು ಈಗಿನವರಿಗೆ ಬಿಡಿಸಿ ಹೇಳಬೇಕು. ಫೋನಿನ ತಂತಿಗೆ ಮೋಡೆಮ್ ಎಂಬ ಡಬ್ಬಿ ಸಿಕ್ಕಿಸಿ, ಅದು ಬಾಲ ತುಳಿಸಿಕೊಂಡ ಬೆಕ್ಕಿನ ಹಾಗೆ ಅರಚಿ ಮುಗಿಸುವ ತನಕ ಕಾದು, ಆಮೇಲೆ ಇಂಟರ್ನೆಟ್ಟಿನೊಳಗೆ ಕಾಲಿಡುತ್ತಿದ್ದ ಕಾಲ ಅದು. ಒಳಗೆ ಹೋದರೆ ಒಂದು ದೊಡ್ಡ ಜಗಲಿ ಇದ್ದ ಹಾಗೆ. ಕಂಪ್ಯೂಟರ್, ಟಿವಿ ಕೆಟ್ಟವರು ಅಲ್ಲಿ ಬಂದು ಗೋಳು ಬರೆಯುತ್ತಿದ್ದರು. ಗೊತ್ತಿದ್ದವರು ಉತ್ತರ ಬರೆಯುತ್ತಿದ್ದರು. ಗೊತ್ತಿಲ್ಲದವರು ಅವರಿಗಿಂತ ಮೊದಲೇ ಬರೆಯುತ್ತಿದ್ದರು. ಯಾರೂ ಯಾರ ಮುಖವನ್ನೂ ನೋಡಿದವರಲ್ಲ, ಎಲ್ಲರಿಗೂ ಅಡ್ಡಹೆಸರು.

ಅವನು ಓದಿದ್ದು ಏಳನೇ ಕ್ಲಾಸು, ಅದೂ ಪೂರ್ತಿಯಲ್ಲ. ಸೋದರಮಾವನ ರೇಡಿಯೋ ಅಂಗಡಿಯಲ್ಲಿ ಕೂತು ಮೂಗಿನಿಂದ, ಕಿವಿಯಿಂದ ಕಸುಬು ಕಲಿತವನು. ಸುಟ್ಟ ವಾಸನೆ ಮೂಸಿ ಯಾವ ಭಾಗ ಹೋಗಿದೆ ಎಂದು ಹೇಳುತ್ತಿದ್ದ. ಮನೆಯ ಮುಂದಿನ ಕೋಣೆಯೇ ಅಂಗಡಿ. ಗೋಡೆಗೆ ಮುಖ ಮಾಡಿಕೊಂಡು ಬೆನ್ನು ಬಿಚ್ಚಿಸಿಕೊಂಡು ನಿಂತ ಟಿವಿಗಳು, ಮಾನಿಟರ್‌ಗಳು, ಬೆಸುಗೆಯ ಹೊಗೆ. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಅಂಥವನಿಗೆ ಫೋರಂನಲ್ಲಿ ಸಿಕ್ಕಿದ ಮರ್ಯಾದೆ ಬೇರೆಲ್ಲೂ ಸಿಕ್ಕಿರಲಿಲ್ಲ. ಎರಡೆರಡು ಡಿಗ್ರಿ ಮಾಡಿದವರು 'ಸುತ್ತಿಗೆ ಅವರೇ, ದಯವಿಟ್ಟು ಹೇಳಿ' ಎಂದು ಬರೆಯುತ್ತಿದ್ದರು. ನಾಲ್ಕು ವರ್ಷದಲ್ಲಿ ಮೂರು ಸಾವಿರ ಉತ್ತರ ಬರೆದಿದ್ದ. ಮೊದಲನೇ ವರ್ಷ ತಾಳ್ಮೆಯಿತ್ತು. ಎರಡನೇ ವರ್ಷ ಗೊಣಗಾಟ. ಆಮೇಲೆ ಬರೀ ಏಟು. ಅವನ ಏಟು ನೋಡಿ ನಗಲಿಕ್ಕೆಂದೇ ಜನ ಬರತೊಡಗಿದಾಗ ಏಟಿನ ರುಚಿ ಹತ್ತಿತು.

ಅಲ್ಲಿಗೊಬ್ಬ ಮಾಡರೇಟರ್ ಇದ್ದ. ಬೇಡದ್ದನ್ನು ಅಳಿಸುವ, ಚರ್ಚೆಗೆ ಬೀಗ ಹಾಕುವ ಅಧಿಕಾರ ಇರುವ ಕಾವಲುಗಾರ. ಎಲ್ಲೋ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುವವನು, ಹಾಗಾಗಿ ಎಲ್ಲರೂ ಅವನನ್ನು ಮೇಷ್ಟ್ರು ಎನ್ನುತ್ತಿದ್ದರು. ಈ ಮೇಷ್ಟ್ರ ಬೆನ್ನು ಹತ್ತಿ ಸುತ್ತಿಗೆ ಎರಡು ಕಾನೂನು ಮಾಡಿಸಿದ್ದ. ಒಂದು, ಕೇಳಿದ್ದನ್ನೇ ಮತ್ತೆ ಕೇಳಿದರೆ ಆ ಚರ್ಚೆಗೆ ಬೀಗ. ಬೀಗ ಬಿದ್ದ ಮೇಲೆ ಅದರಲ್ಲಿ ಯಾರೂ ಒಂದಕ್ಷರ ಸೇರಿಸುವಂತಿಲ್ಲ, ಅಳಿಸುವಂತಿಲ್ಲ. ಎರಡು, ಹೊಸಬರು ಹತ್ತು ಸಲ ಬರೆಯುವವರೆಗೆ ಅವರಿಗೂ ಹಳಬರಿಗೂ ನಡುವೆ ಖಾಸಗಿ ಪತ್ರ ಇಲ್ಲ. ಹೊಸಬರು ಪತ್ರ ಬರೆದು ಬರೆದು ಇವನ ಪ್ರಾಣ ತಿನ್ನುತ್ತಿದ್ದರು, ಅದಕ್ಕೆ.

ಆ ದಿನ ಬೆಳಿಗ್ಗೆ ಬಂದವಳು ಟೈಪಿಸ್ಟಮ್ಮ ಎಂಬ ಹೊಸಬಳು. ಕಚೇರಿಯಿಂದ ನಿವೃತ್ತಳಾಗಿ ಮನೆಯಲ್ಲೇ ಎರಡು ಕಂಪ್ಯೂಟರ್ ಇಟ್ಟುಕೊಂಡು ಜನರಿಗೆ ಅರ್ಜಿ ಟೈಪ್ ಮಾಡಿಕೊಡುತ್ತೇನೆ ಎಂದು ಶುರುಮಾಡಿ, ಎಲ್ಲರ ಆರೋಗ್ಯ ವಿಚಾರಿಸಿ, ಒಂದು ಪುಟದ ಕೊನೆಯಲ್ಲಿ ವಿಷಯಕ್ಕೆ ಬಂದಿದ್ದಳು. ಒಂದು ಮಾನಿಟರಿನ ಚಿತ್ರ ಎರಡೂ ಪಕ್ಕ ಕುಗ್ಗಿ ನಡುವೆ ಕಂಬದಂತೆ ನಿಂತಿದೆ, ಏನು ಮಾಡಲಿ?

ಇದೇ ಪ್ರಶ್ನೆಯನ್ನು ಅವನು ಬೇರೆ ಬೇರೆಯವರ ಕೈಯಲ್ಲಿ ನಲವತ್ತು ಸಲ ಓದಿದ್ದ. ಅದೇ ಹೊತ್ತಿಗೆ ಗಿರಾಕಿಯೊಬ್ಬ ಅಂಗಡಿ ಬಾಗಿಲಲ್ಲಿ ನಿಂತು ಕೂಗಾಡಿ ಹೋಗಿದ್ದ. ಅವನ ಮೇಲಿನ ಸಿಟ್ಟು ಬೆರಳಿಗಿಳಿಯಿತು.

'ಹಿಂದಿನ ಮುಚ್ಚಳ ಬಿಚ್ಚಿ. ಪಿಕ್ಚರ್ ಟ್ಯೂಬಿನ ಬೆನ್ನ ಮೇಲೆ ಒಂದು ರಬ್ಬರ್ ಟೋಪಿ ಇರುತ್ತೆ. ಅದನ್ನೆತ್ತಿ ಬೆರಳಿಂದ ಮೆಲ್ಲಗೆ ಕಚಗುಳಿ ಇಡಿ. ನಗು ಬಂದು ಚಿತ್ರ ಅಗಲ ಆಗುತ್ತೆ.'

ಕಳಿಸಿ, ಮೋಡೆಮ್ ಆರಿಸಿ, ಕೆಲಸಕ್ಕೆ ಕೂತ.

ಹನ್ನೊಂದೂವರೆಗೆ ಯಾರ್‍ಯಾರು ನಕ್ಕಿದ್ದಾರೆ ನೋಡೋಣ ಎಂದು ಮತ್ತೆ ಒಳಗೆ ಹೋದ. ಏಳು ಜನ ನಕ್ಕಿದ್ದರು. ಏಳರ ಕೆಳಗೆ ಟೈಪಿಸ್ಟಮ್ಮ ಬರೆದಿದ್ದಳು: 'ತುಂಬಾ ಉಪಕಾರ ಆಯ್ತಪ್ಪಾ. ಸ್ಕ್ರೂ ಡ್ರೈವರ್ ಪಕ್ಕದ ಮನೇಲಿ ಕೇಳಿದೀನಿ, ಊಟ ಆದ್ಮೇಲೆ ಕೊಡ್ತಾರಂತೆ. ಆಗ ಮಾಡ್ತೀನಿ.'

ಅದರ ಕೆಳಗೆ ಮೇಷ್ಟ್ರ ಕೆಂಪು ಅಕ್ಷರ. 'ಹಳೇ ಪ್ರಶ್ನೆ. ಮೊದಲು ಹುಡುಕಿ, ಆಮೇಲೆ ಕೇಳಿ. ಬೀಗ.'

ಆ ರಬ್ಬರ್ ಟೋಪಿಯ ಕೆಳಗೆ ಇಪ್ಪತ್ತು ಸಾವಿರ ವೋಲ್ಟ್ ಕೂತಿರುತ್ತದೆ. ಪ್ಲಗ್ ಕಿತ್ತರೂ ಅದು ಇಳಿಯುವುದಿಲ್ಲ, ದಿನಗಟ್ಟಲೆ ಕಾದಿರುತ್ತದೆ. ಮಾವನ ಅಂಗಡಿಯಲ್ಲಿ ಮೇಸ್ತ್ರಿಯೊಬ್ಬ ಮೂಲೆಯಲ್ಲಿ ಬಿದ್ದಿದ್ದ ಟಿವಿಯ ಒಳಗೆ ಕೈ ಹಾಕಿ, ಮಾತು ಮುಗಿಸುವ ಮೊದಲೇ ಹಿಂದಿನ ಗೋಡೆಗೆ ಹೋಗಿ ಬಡಿದಿದ್ದ. ಬದುಕಿದ. ಆಮೇಲೆ ಅವನ ತುಟಿ ಒಂದು ಪಕ್ಕ ಇಳಿದೇ ಇತ್ತು, ಚಹಾ ಕುಡಿದರೆ ಸೋರುತ್ತಿತ್ತು. ಅವನು ಮೂವತ್ತರ ಗಟ್ಟಿಮುಟ್ಟು ಆಳು. ಈಕೆ ನಿವೃತ್ತಳಾದ ಹೆಂಗಸು.

ಕಸುಬು ಗೊತ್ತಿದ್ದವರಿಗೆಲ್ಲ ಅದು ನಗೆಯ ಮಾತು. ಕೇಳಿದವಳಿಗೆ ಕಸುಬು ಗೊತ್ತಿರಲಿಲ್ಲ, ಅದಕ್ಕೇ ಕೇಳಿದ್ದಳು.

ಉತ್ತರ ಬರೆಯಲು ಹೋದ, ಬೀಗ. ಖಾಸಗಿ ಪತ್ರ ಬರೆಯಲು ಹೋದ, ಈ ಸದಸ್ಯರು ಹೊಸಬರು, ಪತ್ರ ಹೋಗುವುದಿಲ್ಲ ಎಂದು ಬಂತು. ಮೇಷ್ಟ್ರಿಗೆ ಬರೆದು ಪ್ರಯೋಜನವಿಲ್ಲ, ತನಗೆ ಬಂದ ಪತ್ರಗಳನ್ನು ಅವನು ತೆರೆಯುವುದು ರಾತ್ರಿ ಮನೆಗೆ ಹೋದ ಮೇಲೆಯೇ. ತಾನು ತೋಡಿಸಿದ ಗುಂಡಿ, ಒಳಗೆ ಬಿದ್ದವನೂ ತಾನೇ. ಹೊಸ ಚರ್ಚೆ ತೆರೆದು 'ಟೈಪಿಸ್ಟಮ್ಮಾ, ಮಾನಿಟರ್ ಮುಟ್ಟಬೇಡಿ, ಪ್ರಾಣ ಹೋಗುತ್ತೆ' ಎಂದು ಬರೆದು ಕಳಿಸುವಷ್ಟರಲ್ಲಿ ಲೈನ್ ಕಡಿಯಿತು. ಒಳಗಿನ ಕೋಣೆಯಲ್ಲಿ ಹೆಂಡತಿ ಫೋನ್ ಎತ್ತಿದ್ದಳು.

"ಫೋನ್ ಇಡೇ!"

"ಅಮ್ಮನಿಗೆ ಎರಡು ಮಾತು ಹೇಳಿ ಇಡ್ತೀನಿ ತಡೀರಿ. ನಿಮ್ಮ ಡಬ್ಬಿ ಎಲ್ಲೂ ಓಡಿ ಹೋಗಲ್ಲ."

"ಇಡು ಅಂದ್ರೆ ಇಡು."

ದನಿಯಲ್ಲಿ ಏನಿತ್ತೋ, ಅವಳು ಇಟ್ಟಳು. ಬಾಗಿಲಿಗೆ ಬಂದು ನೋಡಿದಳು. ಗಂಡನ ಸಿಟ್ಟನ್ನು ಅವಳು ಇಪ್ಪತ್ತು ವರ್ಷದಿಂದ ಬಲ್ಲಳು, ಅದಕ್ಕೆ ಹೆದರುವುದನ್ನು ಬಿಟ್ಟು ಹತ್ತೊಂಬತ್ತು ವರ್ಷವಾಗಿತ್ತು. ಇದು ಸಿಟ್ಟಲ್ಲ ಎಂದು ಗೊತ್ತಾಯಿತು.

ಎರಡನೇ ಸಲ ಬರೆದು ಕಳಿಸಿದ. ಎರಡು ನಿಮಿಷದಲ್ಲಿ ಉತ್ತರ ಬಿತ್ತು. ಪುಸ್ತಕದಹುಳ ಎಂಬ ಹಳಬನದು. 'ಕಚಗುಳಿ ಎರಡನೇ ಕಂತು ಬಂತು, ಎಲ್ಲರೂ ಓಡಿ ಬನ್ನಿ.' ಇನ್ನೊಬ್ಬ: 'ಹೆದರಿಸಿ ನಗಿಸೋದು ಹೊಸ ವರಸೆ, ಚೆನ್ನಾಗಿದೆ.' ತಮಾಷೆಯಲ್ಲ ಎಂದು ಬರೆದ. ಅದಕ್ಕೂ ನಕ್ಕರು. ತೋಳ ಬಂತು ತೋಳ ಎಂದು ನಾಲ್ಕು ವರ್ಷ ಕೂಗಿ ನಗಿಸಿದ್ದನಲ್ಲ, ಈಗ ತೋಳ ಬಂದಿದೆ ಎಂದರೆ ಯಾರು ನಂಬುತ್ತಾರೆ? ಗಡಿಯಾರ ಹನ್ನೆರಡು ಹೊಡೆಯಿತು. ಅವನಿಗೆ ತಡೆಯಲಾಗಲಿಲ್ಲ. ಹುಳದ ವಂಶವನ್ನೆಲ್ಲ ಎತ್ತಿ ಆಡಿ, ಬಾಯಿಗೆ ಬಂದದ್ದನ್ನು ಬರೆದು ಕಳಿಸಿದ.

ಮೇಷ್ಟ್ರಿಗೆ ಬಿಡುವಿನ ಪೀರಿಯಡ್ ಇದ್ದಿರಬೇಕು. ಕ್ಷಣದಲ್ಲಿ ಇಡೀ ಚರ್ಚೆ ಮಾಯವಾಯಿತು, ಎಚ್ಚರಿಕೆಯೂ ಅದರ ಜೊತೆಗೇ ಹೋಯಿತು. ಪರದೆಯ ಮೇಲೆ ಒಂದೇ ಸಾಲು ಉಳಿಯಿತು: 'ಕೆಟ್ಟ ಮಾತಿಗೆ ಮೂರು ದಿನ ಹೊರಗೆ.'

ಓದಬಹುದು, ಬರೆಯುವಂತಿಲ್ಲ.

ಅವನು ಸ್ಟೂಲಿನ ಮೇಲೆ ಕೂತುಬಿಟ್ಟ. ಹೆಂಡತಿ ಕೇಳಿದಳು, ಅವನು ಹೇಳಿದ. ಹೇಳುವಾಗ ಆ ಕಚಗುಳಿಯ ಮಾತು ಬಾಯಲ್ಲಿ ಕಲ್ಲಿನಂತೆ ತಿರುಗಿತು.

"ಯಾರು ಆ ಅಮ್ಮ? ಯಾವ ಊರು?"

"ಗೊತ್ತಿಲ್ಲ."

"ಫೋನ್ ನಂಬರು?"

"ಅಡ್ಡಹೆಸರು ಬಿಟ್ಟು ಏನೂ ಗೊತ್ತಾಗಲ್ಲ ಅಲ್ಲಿ."

"ಊರು ಕೇರಿ ಗೊತ್ತಿಲ್ಲದೋರಿಗೆ ಸಾಯೋ ದಾರಿ ಹೇಳಿ ಕೂತಿದೀರಿ," ಎಂದಳು. ಜೋರಾಗಿ ಹೇಳಲಿಲ್ಲ. "ಏಳಿ. ನನ್ನ ಹೆಸರಲ್ಲಿ ಒಳಗೆ ಹೋಗೋ ಹಾಗೆ ಮಾಡಿ."

ಹೊಸ ಸದಸ್ಯತ್ವಕ್ಕೆ ಅರ್ಜಿ ತುಂಬಿಸಿ, ಒಪ್ಪಿಗೆಯ ಮಿಂಚಂಚೆ ಬರುವಷ್ಟರಲ್ಲಿ ಒಂದೂವರೆ. ಊಟದ ಹೊತ್ತು. ಎಲ್ಲೋ ಒಂದು ಮನೆಯಲ್ಲಿ ತಟ್ಟೆ ತೊಳೆದಿಟ್ಟು ಸ್ಕ್ರೂ ಡ್ರೈವರಿಗೆ ಕೈ ಚಾಚುವ ಹೆಂಗಸು ಅವನ ಕಣ್ಣ ಮುಂದೆ ಬಂದಳು. ಮುಖ ಕಾಣಲಿಲ್ಲ. ಕೈ ಮಾತ್ರ ಕಂಡಿತು.

ನೀವು ಮುಟ್ಟಿದ್ರೆ ಮತ್ತೆ ಯಾರನ್ನೋ ಬೈತೀರಿ ಎಂದು ಹೆಂಡತಿ ತಾನೇ ಕೂತು, ಒಂದೇ ಬೆರಳಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. 'ನಾನು ಸುತ್ತಿಗೆಯವರ ಹೆಂಡತಿ. ಅವರು ಹೇಳಿದ್ದು ಸುಳ್ಳು. ಟೈಪಿಸ್ಟಮ್ಮನವರೇ, ಅದರೊಳಗೆ ಕೈ ಹಾಕಬೇಡಿ.' ಕೆಳಗೆ ಹುಳ ಬರೆದ: 'ಸುತ್ತಿಗೆ ಹೆಣ್ಣು ವೇಷ ಹಾಕ್ಕೊಂಡು ಬಂದಿದಾನೆ, ದಾರಿ ಬಿಡಿ.'

"ಇವರೆಲ್ಲ ನಿಮ್ಮ ಸ್ನೇಹಿತರಾ?" ಎಂದು ಅವಳು ಕೇಳಿದಳು.

ಎರಡು ಗಂಟೆ. ಅಂಗಡಿಗೆ ಯಾರೋ ಬಂದು ಕರೆದರು, ಇಬ್ಬರೂ ತಿರುಗಲಿಲ್ಲ. ಪರದೆಯನ್ನು ಹೊಸದು ಮಾಡುವ ಗುಂಡಿ ಒತ್ತುವುದು, ಪುಟ ಮೇಲಿನಿಂದ ಕೆಳಗೆ ಒಂದೊಂದೇ ಗೆರೆಯಾಗಿ ಇಳಿಯುವುದನ್ನು ನೋಡುವುದು, ಮತ್ತೆ ಒತ್ತುವುದು. ಟೈಪಿಸ್ಟಮ್ಮನ ಸುಳಿವಿಲ್ಲ. ಹೊಸಬರು ಚರ್ಚೆಗಳ ಪಟ್ಟಿ ನೋಡುವುದಿಲ್ಲ, ತಮ್ಮ ಪ್ರಶ್ನೆಯನ್ನಷ್ಟೇ ನೋಡಿ ಹೋಗುತ್ತಾರೆ ಎಂದು ಅವನಿಗೆ ಗೊತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಎರಡೂಕಾಲಾಯಿತು. ಸುದ್ದಿ ಬಂದರೂ ಹೇಗೆ ಬರುತ್ತದೆ? ಬರುವುದೇ ಇಲ್ಲ. ಆಕೆ ಮತ್ತೆ ಬರೆಯುವುದಿಲ್ಲ, ಅಷ್ಟೇ. ತಾನು ಸಾಯುವವರೆಗೆ ಆ ಖಾಲಿ ಜಾಗವನ್ನು ನೋಡುತ್ತಿರಬೇಕು.

ಎರಡು ಮೂವತ್ತೆಂಟಕ್ಕೆ ಪಟ್ಟಿಯ ತಲೆಯ ಮೇಲೆ ಹೊಸ ಪ್ರಶ್ನೆ ಬಂತು. ಟೈಪಿಸ್ಟಮ್ಮನದು.

'ಮುಚ್ಚಳ ಬಿಚ್ಚಿದೆ. ಟೋಪಿ ಕಾಣ್ತಿದೆ. ಎತ್ತೋಕೆ ಮುಂಚೆ ಒಂದು ಅನುಮಾನ. ಕಚಗುಳಿ ಎಡಗೈ ಬೆರಳಿಂದ ಇಡಬೇಕೋ ಬಲಗೈ ಬೆರಳಿಂದಲೋ? ಹಳೇ ಚರ್ಚೇಲಿ ಕೇಳೋಣ ಅಂದ್ರೆ ಬೀಗ ಹಾಕಿದಾರೆ. ಉತ್ತರ ಬರೋವರೆಗೂ ಕಾಯ್ತೀನಿ. ದಡ್ಡ ಪ್ರಶ್ನೆ ಅನ್ನಿಸಿದ್ರೆ ಕ್ಷಮಿಸಿ.'

ಇಂಥ ಪ್ರಶ್ನೆಯನ್ನು ಅವನು ಬೇರೆ ದಿನ ಕಂಡಿದ್ದರೆ ಒಂದು ವಾರ ನಕ್ಕು ನಗಿಸುತ್ತಿದ್ದ. ಹುಳ ಆಗಲೇ ಬರೆಯುತ್ತಿರಬಹುದು, ಎಡಗೈ ಎಂದೋ ಬಲಗೈ ಎಂದೋ.

"ಯಾವ ಕೈಯೂ ಬೇಡ ಅಂತ ಒತ್ತು. ಮೊದಲು ಅದನ್ನ ಒತ್ತಿ ಕಳಿಸು, ಮಿಕ್ಕಿದ್ದು ಆಮೇಲೆ."

"ಒತ್ತಿದೀನಿ ತಡೀರಿ, 'ಕೈ' ಎಲ್ಲಿದೆ..."

"ಅಲ್ಲೇ, ಅಲ್ಲೇ ಇದೆಯಲ್ಲೇ."

"ನನ್ನ ಭುಜ ಬಿಡಿ, ನೋಯ್ತಿದೆ."

ಹೋಯಿತು. ಆಮೇಲೆ ಅವನು ಹೇಳುತ್ತ ಹೋದ, ಅವಳು ಒತ್ತುತ್ತ ಹೋದಳು. ಒಳಗೆ ಏನೇನಿದೆ, ಅದು ಏನು ಮಾಡುತ್ತದೆ, ಮುಚ್ಚಳ ಹೇಗೆ ಹಿಂದಕ್ಕೆ ಹಾಕಬೇಕು, ಪಕ್ಕದಲ್ಲಿ ಗೊತ್ತಿರುವವರಿದ್ದರೆ ಅವರಿಗೇ ಕೊಡಿ, ಅವರೂ ಕಸುಬಿನವರಾಗಿದ್ದರೆ ಮಾತ್ರ. ಕೊನೆಗೆ, 'ಇದನ್ನು ಬರೆಸುತ್ತಿರುವುದು ಸುತ್ತಿಗೆ. ಬೆಳಿಗ್ಗೆ ಬರೆದದ್ದು ಕೊಬ್ಬಿನ ಮಾತು. ತಪ್ಪಾಯಿತು.' ಹೆಂಡತಿ ಕೊಬ್ಬು ಎಂಬ ಮಾತನ್ನು ಒತ್ತುವಾಗ ಒಂದು ಸಲ ಅವನ ಮುಖ ನೋಡಿದಳು, ಒತ್ತಿದಳು.

ಹತ್ತು ನಿಮಿಷ ಏನೂ ಇಲ್ಲ. ಆ ಹತ್ತು ನಿಮಿಷವೇ ಎಲ್ಲಕ್ಕಿಂತ ಉದ್ದವಾಗಿತ್ತು.

'ಅಯ್ಯೋ ದೇವರೇ. ಮುಚ್ಚಳ ಹಾಕಿದೆ. ಎರಡು ಸ್ಕ್ರೂ ಮಿಕ್ಕಿವೆ, ಅವು ಎಲ್ಲಿಯವು?'

ಹೆಂಡತಿ ನಕ್ಕುಬಿಟ್ಟಳು. ಅವನಿಗೆ ನಗು ಬರಲಿಲ್ಲ. ಎದ್ದು ಒಳಗೆ ಹೋಗಿ ನೀರು ಕುಡಿದ. ಮೇಷ್ಟ್ರು ಆ ಚರ್ಚೆಗೆ ಬೀಗ ಹಾಕಲಿಲ್ಲ. ಮೂರು ದಿನದ ಶಿಕ್ಷೆಯನ್ನೂ ತೆಗೆಯಲಿಲ್ಲ.

ಆ ಮೂರು ದಿನ ಅವನು ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಕೂತ. ಬರೆಯುವಂತಿರಲಿಲ್ಲ, ಓದಬಹುದಿತ್ತು. ತನ್ನ ಮೂರು ಸಾವಿರ ಉತ್ತರವನ್ನು ಮೊದಲಿನಿಂದ ತೆಗೆದ. ತಮಾಷೆಗೆ ಬರೆದದ್ದು ಬಂದಾಗಲೆಲ್ಲ ಕೇಳಿದವರು ಆಮೇಲೆ ಎಲ್ಲಾದರೂ ಮತ್ತೆ ಬರೆದಿದ್ದಾರೆಯೇ ಎಂದು ಹುಡುಕಿದ. ಬೈದವರು ಸಿಕ್ಕರು. ಬೈಗುಳ ಓದಿದರೆ ಅವನಿಗೆ ಹಾಯೆನಿಸುತ್ತಿತ್ತು, ಬೈದವರು ಬದುಕಿದ್ದಾರಲ್ಲ.

ಎರಡನೇ ದಿನ ಮಧ್ಯಾಹ್ನ ಒಂದು ಪುಟದಲ್ಲಿ ನಿಂತ. ಎರಡು ವರ್ಷದ ಹಿಂದಿನದು. ಟಿವಿ ಒಳಗೆ ಚಟಚಟ ಎನ್ನುತ್ತದೆ, ಏನು ಮಾಡಲಿ ಎಂದು ಯಾರೋ ಕೇಳಿದ್ದರು. ಒದ್ದೆ ಬಟ್ಟೆಯಿಂದ ಒರೆಸಿ ಸಮಾಧಾನ ಮಾಡಿ ಎಂದು ಇವನು ಬರೆದಿದ್ದ. ಹನ್ನೊಂದು ಜನ ನಕ್ಕಿದ್ದರು. ಕೇಳಿದವರು 'ಸರಿ ಸರ್, ಈಗಲೇ ಮಾಡ್ತೀನಿ' ಎಂದಿದ್ದರು. ಆ ಹೆಸರಿನಲ್ಲಿ ಅದೇ ಕೊನೆಯ ಮಾತು.

ಹೆಂಡತಿ ಊಟಕ್ಕೆ ಕರೆಯಲು ಬಂದವಳು ಪರದೆ ನೋಡಿದಳು.

"ಯಾರು ಅದು?"

"ಗೊತ್ತಿಲ್ಲ," ಎಂದ. "ರಿಪೇರಿ ಆಗಿರಬಹುದು. ಆಗಿದ್ರೆ ಮತ್ತೆ ಯಾಕೆ ಬರ್ತಾರೆ, ಅಲ್ವಾ?"

ಅವನು ಗುಂಡಿ ಒತ್ತಿದ. ಪುಟ ಮತ್ತೆ ಮೇಲಿನಿಂದ ಒಂದೊಂದೇ ಗೆರೆ ಇಳಿಯತೊಡಗಿತು.