ಪುಸ್ತಕದ ಪಕ್ಕ ಪೂಜೆಗೆ ಕೂತ ಪೆಡಲುಗಳು

ನಮ್ಮ ಮನೆಯವರ ಎಲೆಕ್ಟ್ರಿಕ್ ಗಿಟಾರಿಗೆ ನಾಲ್ಕು ಪೆಡಲುಗಳಿವೆ. ಒಂದೊಂದೂ ಸೋಪಿನ ಡಬ್ಬಿಗಿಂತ ಸ್ವಲ್ಪ ದೊಡ್ಡದಾದ ಕಬ್ಬಿಣದ ಪೆಟ್ಟಿಗೆ. ಗಿಟಾರಿನ ವೈರು ಅವುಗಳ ಹೊಟ್ಟೆಯೊಳಗಿಂದ ಹಾದು ಸ್ಪೀಕರಿಗೆ ಹೋಗುತ್ತದೆ. ನುಡಿಸುವವರ ಎರಡು ಕೈಗೂ ತಂತಿಯ ಮೇಲೆ ಕೆಲಸವಿರುವುದರಿಂದ ಇವನ್ನು ನೆಲದ ಮೇಲಿಟ್ಟು ಕಾಲಿನಿಂದ ಒತ್ತಬೇಕು. ಒತ್ತಿದರೆ ಕಾಳಿನಷ್ಟು ದೀಪ ಹತ್ತಿಕೊಂಡು ನಾದ ಬದಲಾಗುತ್ತದೆ.

ಅಡುಗೆಮನೆಯಿಂದಲೇ ಕೇಳಿ ಕೇಳಿ ನನಗೆ ನಾಲ್ಕರ ಸ್ವಭಾವವೂ ಗೊತ್ತಾಗಿಬಿಟ್ಟಿದೆ. ಹಸಿರು ಬಣ್ಣದ್ದು ಟ್ರೆಮೊಲೊ. ತಿರುಗುವ ಫ್ಯಾನಿನ ಮುಂದೆ ಬಾಯಿಟ್ಟು ‘ಆ’ ಅಂದರೆ ದನಿ ತುಂಡುತುಂಡಾಗುತ್ತದಲ್ಲ, ಅದು. ಕಿತ್ತಳೆ ಬಣ್ಣದ ಫೇಸರ್ ವಾಷಿಂಗ್ ಮೆಷಿನ್ನಿನಲ್ಲಿ ಸೀರೆ ಸುತ್ತಿದ ಹಾಗೆ ನಾದವನ್ನು ಮೆಲ್ಲಗೆ ಸುತ್ತಿಸುತ್ತದೆ. ನೇರಳೆ ಬಣ್ಣದ ಫ್ಲ್ಯಾಂಜರ್ ಖಾಲಿ ಕೊಡದೊಳಗೆ ತಲೆ ಹಾಕಿ ಹಾಡಿದ ಹಾಗೆ. ಅದು ಶುರುವಾದರೆ ನನಗೆ ಕುಕ್ಕರಿನ ವಿಷಲ್ ಲೆಕ್ಕ ತಪ್ಪುತ್ತದೆ. ನೀಲಿ ಕೋರಸ್ ಮಾತ್ರ ನನಗೆ ಅಚ್ಚುಮೆಚ್ಚು. ಶುಕ್ರವಾರ ಸಂಜೆ ನಮ್ಮ ಬೀದಿಯ ಹೆಂಗಸರೆಲ್ಲ ಸೇರಿ ದೇವರನಾಮ ಹೇಳುವಾಗ ಒಬ್ಬರು ಕೂದಲೆಳೆ ಮುಂದೆ, ಇನ್ನೊಬ್ಬರು ಕೂದಲೆಳೆ ಹಿಂದೆ ಇರುತ್ತಾರೆ. ಆದರೂ ಹಾಲ್ ತುಂಬಿಕೊಳ್ಳುತ್ತದೆ. ಕೋರಸ್ ಒತ್ತಿದರೆ ಒಂದೇ ಗಿಟಾರು ಹಾಗಾಗುತ್ತದೆ.

ತಾಪತ್ರಯ ಶುರುವಾದದ್ದು ಹೋದ ವರ್ಷದ ನವರಾತ್ರಿಯಲ್ಲಿ. ಅದರ ಹಿಂದಿನ ವರ್ಷ ನಮ್ಮವರು ಆಯುಧಪೂಜೆಗೆ ಪೆಡಲುಗಳನ್ನು ಕಾರು, ಮಿಕ್ಸಿ, ಈಳಿಗೆಮಣೆಗಳ ಸಾಲಿನಲ್ಲಿ ಇಟ್ಟಿದ್ದರು. ನಮ್ಮತ್ತೆ ಧಾರಾಳವಾಗಿ ನೀರು ಚಿಮುಕಿಸಿದರು. ಕುಂಕುಮದ ನೀರು ಫೇಸರಿನ ತಿರುಗುಗುಂಡಿಯೊಳಗೆ ಇಳಿದು, ಅದು ದೀಪಾವಳಿ ಕಳೆಯುವವರೆಗೂ ಒಗ್ಗರಣೆಯ ಹಾಗೆ ಚಟಪಟ ಅನ್ನುತ್ತಿತ್ತು. ಆದ್ದರಿಂದ ಹೋದ ವರ್ಷ ಇವರು ಬುದ್ಧಿ ಓಡಿಸಿದರು. ಎರಡು ದಿನ ಮೊದಲೇ ಬರುವ ಸರಸ್ವತಿ ಪೂಜೆಯಲ್ಲಿ, ಮಣೆಯ ಮೇಲೆ ಪುಸ್ತಕಗಳ ಪಕ್ಕ ನಾಲ್ಕನ್ನೂ ಜೋಡಿಸಿದರು. ಪುಸ್ತಕಕ್ಕೆ ಯಾರೂ ನೀರು ಹಾಕುವುದಿಲ್ಲವಲ್ಲ. ಅತ್ತೆ ಅಕ್ಷತೆ ಹಾಕಿ, ಭಕ್ತಿಯಿಂದ ಕೈ ಮುಗಿದರು.

ವಿಜಯದಶಮಿಯ ಸಂಜೆ ಇವರು ಪೆಡಲುಗಳನ್ನು ಹಾಲ್‌ನ ನೆಲದ ಮೇಲೆ ಇಟ್ಟುಕೊಂಡು ಕೋರಸ್ ಮೇಲೆ ಕಾಲು ಹಾಕಿದರು.

“ಅಯ್ಯೋ! ಸರಸ್ವತೀನ ತುಳೀತಿದೀಯಲ್ಲೋ!” ಎಂದು ಅತ್ತೆ ಕುರ್ಚಿಯಿಂದ ಎದ್ದೇಬಿಟ್ಟರು.

“ಅಮ್ಮ, ಇದು ಪೆಡಲ್ ಕಣಮ್ಮ. ತುಳಿಯೋಕೇ ಇರೋದು.”

“ಹೌದಾ? ಮತ್ತೆ ಪುಸ್ತಕದ ಪಕ್ಕ ಕೂರಿಸಿದ್ದು ಯಾರು? ನಾನಾ?”

“ಕಾರ್‌ಗೂ ಪೂಜೆ ಮಾಡಿದ್ವಲ್ಲ. ಬ್ರೇಕ್ ಏನು ಕೈಯಲ್ಲಿ ಒತ್ತಲಾ?”

“ಕಾರು ಆಯುಧ. ಇದನ್ನೂ ಅದರ ಪಕ್ಕ ಇಟ್ಟಿದ್ದಿದ್ರೆ ಎಷ್ಟು ಬೇಕಾದ್ರೂ ತುಳಿ, ನಾನ್ಯಾಕೆ ಕೇಳ್ತಿದ್ದೆ? ನೀನು ವಿದ್ಯೆ ಪಕ್ಕ ಇಟ್ಟೆ. ಈಗ ಇದು ವಿದ್ಯೆ.”

ಇವರು ಸಹಾಯಕ್ಕೆ ನನ್ನ ಕಡೆ ನೋಡಿದರು. ನಾನು ಹುರುಳಿಕಾಯಿ ನಾರು ತೆಗೆಯುತ್ತಿದ್ದೆ, ತಲೆ ಎತ್ತಲಿಲ್ಲ. ಅತ್ತೆಯ ವಾದದಲ್ಲಿ ನನಗೇನೂ ತಪ್ಪು ಕಾಣಲಿಲ್ಲ.

ಆದರೆ ಇವರಿಗೆ ಅದು ನಗುವ ವಿಷಯವಾಗಿರಲಿಲ್ಲ. ವಿಜಯನಗರದ ನಮ್ಮ ಬಡಾವಣೆಯಲ್ಲಿ ರಾಜ್ಯೋತ್ಸವಕ್ಕೆ ಇವರ ತಂಡದ್ದೇ ಹಾಡುಗಾರಿಕೆ. ಗಾಯಕರು, ತಬಲಾ, ಕೀಬೋರ್ಡ್, ಕೊನೆಯಲ್ಲಿ ನಮ್ಮವರ ಗಿಟಾರು. ಹಿಂದಿನ ವರ್ಷ ಕೀಬೋರ್ಡಿನವರು ಗುಂಡಿಯೊಂದನ್ನು ಒತ್ತಿ, “ನೋಡಿ ಸಾರ್, ಗಿಟಾರ್ ಸೌಂಡೂ ಇದರಲ್ಲೇ ಬರುತ್ತೆ” ಎಂದು ತೋರಿಸಿದ್ದರು. ಆಮೇಲೆ ಸಮಿತಿಯವರು, “ಈ ಸಲ ಗಿಟಾರಿಗೆ ಒಂದು ಹಾಡು ಕೊಡೋಣ. ಚೆನ್ನಾಗಿ ಬಂದ್ರೆ ಇರಲಿ, ಇಲ್ಲಾಂದ್ರೆ ಕೀಬೋರ್ಡೇ ಸಾಕು” ಎಂದಿದ್ದರು. ಆ ಒಂದು ಹಾಡಿಗೆ ಪಲ್ಲವಿಯಲ್ಲಿ ಕೋರಸ್ ಬೇಕು, ನಡುವಿನ ಸಂಗೀತಕ್ಕೆ ಫೇಸರ್ ಬೇಕು. ಅಮ್ಮನ ಕಣ್ಣು ತಪ್ಪಿಸಿ ತುಳಿಯೋಣವೆಂದರೆ, ಅಮ್ಮ ಪ್ರತಿವರ್ಷ ಕೂರುವುದು ಮೊದಲನೇ ಸಾಲಿನಲ್ಲಿ.

“ಕಾಲು ಬೇಡ ಅಷ್ಟೇ ತಾನೆ? ಕೈಯಲ್ಲಿ ಒತ್ತಬಹುದಲ್ಲ” ಎಂದು ನಾನೇ ಬಾಯಿ ಬಿಟ್ಟೆ.

“ನನಗೆ ಮೂರನೇ ಕೈ ಎಲ್ಲಿದೆಯೇ?” ಎಂದರು. ಅಂದವರು ನನ್ನ ಕೈಯನ್ನೇ ನೋಡತೊಡಗಿದರು.

ಅವತ್ತಿನಿಂದ ಅಭ್ಯಾಸ. ಸಾರು ಇಳಿಸಿ, ಕೈ ಒರೆಸಿಕೊಂಡು, ಇವರ ಕಾಲ ಬುಡದಲ್ಲಿ ಮಣೆ ಹಾಕಿಕೊಂಡು ಕೂರುತ್ತಿದ್ದೆ. ತಲೆ ಆಡಿಸಿದಾಗ ಒತ್ತಬೇಕೆಂದು ಮೊದಲು ಮಾತಾಯಿತು. ಆದರೆ ಇವರು ತಾಳಕ್ಕೂ ತಲೆ ಆಡಿಸುತ್ತಾರೆ, ಖುಷಿಯಾದರೂ ಆಡಿಸುತ್ತಾರೆ, ತಪ್ಪು ನುಡಿಸಿದರಂತೂ ಜೋರಾಗಿ ಆಡಿಸುತ್ತಾರೆ. ನಾನು ಎಲ್ಲದಕ್ಕೂ ಒತ್ತಿದೆ.

“ಏನೇ ಅದು, ಕಾಲಿಂಗ್ ಬೆಲ್ಲಾ?”

“ಹಂಗಾದ್ರೆ ನೀವು ತಲೆ ಅಲ್ಲಾಡಿಸಬೇಡ್ರೀ. ನಾನು ಹಾಡು ಕೇಳ್ಕೊಂಡೇ ಒತ್ತೀನಿ.”

ಅದು ಸರಿಹೋಯಿತು. ಅಕಸ್ಮಾತ್ ಕಾಲು ಬಿದ್ದೀತೆಂದು ಅತ್ತೆ ದಿನವೂ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, ಕಣ್ಣು ಮಿಟುಕಿಸದೆ ಪೆಡಲುಗಳನ್ನು ಕಾಯುತ್ತಿದ್ದರು.

ರಾಜ್ಯೋತ್ಸವದ ಸಂಜೆ ನಾನು ಮಾವಿನಕಾಯಿ ಬಣ್ಣದ ಸೀರೆ ಉಟ್ಟು ವೇದಿಕೆಯ ಮೇಲೆ ಮಣೆ ಹಾಕಿ ಕೂತೆ. ಪಕ್ಕದ ಮನೆಯವರು ಕೆಳಗಿನಿಂದಲೇ “ಶ್ರುತಿಪೆಟ್ಟಿಗೆನಾ ಅದು?” ಎಂದು ಕೇಳಿದರು. ಹೂಂ ಎಂದುಬಿಟ್ಟೆ.

ಹಾಡು ಶುರುವಾಯಿತು. ಅದೇ ಹೊತ್ತಿಗೆ ಯಾರೋ ಉತ್ಸಾಹಿಗಳು ಬಾವುಟದ ಬಣ್ಣವೇ ಆಗಲೆಂದು ಕೆಂಪು ಹಳದಿ ದೀಪಗಳನ್ನು ಹತ್ತಿಸಿದರು. ನನ್ನ ಕಡೆ ಬಿದ್ದದ್ದು ಕೆಂಪು. ತಲೆ ತಗ್ಗಿಸಿ ನೋಡಿದರೆ ನನ್ನ ನೀಲಿಯೂ ಕಪ್ಪು, ಹಸಿರೂ ಕಪ್ಪು. ಪಲ್ಲವಿ ಬಂದೇಬಿಟ್ಟಿತು. ಒಂದನ್ನು ಒತ್ತಿದೆ.

ಗಿಟಾರು ಬಿಕ್ಕಳಿಸತೊಡಗಿತು. ಟ್ರೆಮೊಲೊ! ಮೈಕ್‌ಸೆಟ್ಟಿನವರು ಜನರೇಟರ್ ಕಡೆ ಓಡಿದರು. “ಕರೆಂಟು ಏರುಪೇರಾಗ್ತಿದೆ” ಎಂದು ಯಾರೋ ಕೂಗಿದರು. ಕೀಬೋರ್ಡಿನವರ ಬೆರಳು ಆ ಗುಂಡಿಯ ಹತ್ತಿರ ಹೋಗುವುದು ನನಗೆ ಕಂಡಿತು. ಇವರ ಬಲಗಾಲು ತಾನಾಗಿಯೇ ಮೇಲೆದ್ದಿತು. ಎದುರಿಗೆ ಅಮ್ಮ. ಕಾಲು ಕೆಳಗಿಳಿಯಲಾರದೆ ಗಾಳಿಯಲ್ಲೇ ನಿಂತಿತು. ಮನುಷ್ಯ ಒಂಟಿಕಾಲಲ್ಲಿ ಬೆವರುತ್ತಾ ನುಡಿಸುತ್ತಿದ್ದಾರೆ.

ಆಗ ಮೊದಲನೇ ಸಾಲಿನಿಂದ ಕೇಳಿಸಿತು:

“ಅದಲ್ಲ ಕಣೇ! ತಬಲಾ ಕಡೇದು! ತಬಲಾ ಕಡೇದು ಒತ್ತೇ!”

ಅಷ್ಟು ದಿನ ಕಾವಲು ಕೂತವರಿಗೆ ಯಾವುದು ಎಲ್ಲಿದೆಯೆಂದು ಬಾಯಿಪಾಠವಾಗಿತ್ತು. ಮೊದಲು ಒತ್ತಿದ್ದನ್ನು ಮತ್ತೆ ಒತ್ತಿ ನಿಲ್ಲಿಸಿ, ತಬಲಾ ಕಡೆಯದನ್ನು ಒತ್ತಿದೆ. ನಮ್ಮ ಶುಕ್ರವಾರದ ಹೆಂಗಸರೆಲ್ಲ ಒಟ್ಟಿಗೆ ಬಾಯಿ ತೆರೆದ ಹಾಗೆ ಗಿಟಾರು ತುಂಬಿಕೊಂಡಿತು. ಇವರ ಕಾಲು ನೆಲಕ್ಕಿಳಿಯಿತು, ಕೀಬೋರ್ಡಿನವರ ಬೆರಳು ವಾಪಸ್ಸಾಯಿತು. ನಡುವಿನ ಸಂಗೀತಕ್ಕೆ ಅತ್ತೆಯ ಕಡೆ ನೋಡಿದೆ. ಅವರು ಗದ್ದದಲ್ಲೇ ತೋರಿಸಿದರು, ನಾನು ಒತ್ತಿದೆ. ಹಾಡು ಮುಗಿದಾಗ ಸಮಿತಿಯವರು ಇವರ ಬೆನ್ನು ತಟ್ಟಿ, “ಮುಂದಿನ ವರ್ಷ ಎರಡು ಹಾಡು ಸಾರ್” ಎಂದರು. ಆಮೇಲೆ ಸುಮಾರು ದಿನ ತರಕಾರಿ ಗಾಡಿಯವನೂ “ಸ್ಟೇಜ್ ಮೇಲೆ ಇದ್ರಲ್ಲಕ್ಕ” ಎಂದು ಕೊತ್ತಂಬರಿ ಸೊಪ್ಪು ಜಾಸ್ತಿ ಹಾಕುತ್ತಿದ್ದ.

ಈ ವರ್ಷ ನವರಾತ್ರಿ ಶುರುವಾಗುತ್ತಲೇ ಅತ್ತೆ ಮಗನಿಗೆ ಹೇಳಿದರು. “ಈ ಸಲ ನಿನ್ನ ಡಬ್ಬಿಗಳನ್ನ ಕಾರ್ ಪಕ್ಕ ಇಡೋ. ನೀರು ಹಾಕಲ್ಲ. ಪಾಪ, ನೆಲದ ಮೇಲೆ ಕೂತು ಅವಳ ಸೊಂಟ ಏನಾಗಬೇಕು.”

ಇವರಿಗೆ ಸಂತೋಷವೋ ಸಂತೋಷ. ನನ್ನ ಸೊಂಟಕ್ಕೆ ಏನೂ ಆಗಿರಲಿಲ್ಲ.

ಆಯುಧಪೂಜೆಯ ಬೆಳಿಗ್ಗೆ ಕಾರಿನ ಮುಂದೆ ಪೆಡಲುಗಳನ್ನು ಜೋಡಿಸುತ್ತಾ ಇವರು ಒಳಗೆ ನೋಡಿ ಕೂಗಿದರು. “ಮೂರೇ ಇದೆಯಲ್ಲೇ! ಕೋರಸ್ ಎಲ್ಲಿ ಹೋಯ್ತು?”

ನಾನು ನಿಂಬೆಹಣ್ಣು ಒರೆಸುತ್ತಿದ್ದೆ. ಅತ್ತೆ ಮೆಲ್ಲಗೆ ದೇವರಮನೆಗೆ ಹೋಗಿ ಬಗ್ಗಿ ನೋಡಿದರು. ಸರಸ್ವತಿಯ ಮುಂದೆ, ಪಂಚಾಂಗಕ್ಕೂ ನಿಘಂಟಿಗೂ ನಡುವೆ, ಎರಡು ದಿನದಿಂದ ನೀಲಿ ಡಬ್ಬಿ ಕುಂಕುಮ ಇಟ್ಟುಕೊಂಡು ಕೂತಿತ್ತು. ಅತ್ತೆ ನನ್ನ ಮುಖವನ್ನೊಮ್ಮೆ ನೋಡಿ ಬಾಗಿಲಿಗೆ ಬಂದರು.

“ಅದು ಇನ್ನು ತುಳಿಯೋ ಹಾಗಿಲ್ಲ ಕಣೋ” ಎಂದು ಮಗನಿಗೆ ಹೇಳಿ, ನನ್ನ ಕಡೆ ತಿರುಗಿದರು. “ಈ ಸಲ ಯಾವ ಸೀರೆ ಉಡ್ತೀಯೇ?”